ಹೊರಡದೆ ಉಳಿದ ಮಿಂಚಂಚೆ

ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕಡೆಯ ದಿನ. ಮನೆಯ ಕಂಪ್ಯೂಟರಿಗೆ ಬರುವ ಪತ್ರಗಳೆಲ್ಲ ಬರುತ್ತಿದ್ದವು. ನಾವು ಬರೆದುದು ಮಾತ್ರ ‘ಔಟ್‌ಬಾಕ್ಸ್’ ಬಿಟ್ಟು ಕದಲಲಿಲ್ಲ. ಇಂತಹ ಪೇಚು ಅನೇಕ ಕುಟುಂಬಗಳಿಗೆ ಒದಗುವುದುಂಟು.

ಪತ್ರ ತರುವ ಸರ್ವರ್ ಬೇರೆ, ಒಯ್ಯುವ ಸರ್ವರ್ ಬೇರೆ ಎಂಬುದನ್ನು ಮೊದಲು ಅರಿಯಬೇಕು. ಒಯ್ಯುವ ಕ್ರಮಕ್ಕೆ ಎಸ್‌ಎಂಟಿಪಿ ಎಂದು ಹೆಸರು. ಅದು 1982ರಷ್ಟು ಹಿಂದಿನದು. ಅದರ ಹಳೆಯ ದ್ವಾರವಾದ 25ನೆಯ ಪೋರ್ಟನ್ನು, ಬೇಡದ ಪತ್ರಗಳ ಹಾವಳಿ ತಡೆಯಲೆಂದು, ಅನೇಕ ಅಂತರ್ಜಾಲ ಸಂಸ್ಥೆಗಳು ಗ್ರಾಹಕರಿಗೆ ಮುಚ್ಚಿವೆ. ಆದುದರಿಂದ ಸೆಟ್ಟಿಂಗ್ಸ್‌ನಲ್ಲಿ 587 ಅಥವಾ 465 ಎಂದು ನಮೂದಿಸಿ, ಒಯ್ಯುವ ಸರ್ವರಿಗೂ ಬಳಕೆದಾರರ ಹೆಸರು, ಪಾಸ್‌ವರ್ಡ್ ಕೊಡಬೇಕು. ಜಿಮೇಲ್ ಖಾತೆಯಾದರೆ ಹಳೆಯ ತಂತ್ರಾಂಶಗಳಿಗೆ ಸಾಮಾನ್ಯ ಪಾಸ್‌ವರ್ಡ್ ಸಲ್ಲದು. ಎರಡು ಹಂತದ ಪರಿಶೀಲನೆಯನ್ನು ಏರ್ಪಡಿಸಿ ‘ಆ್ಯಪ್ ಪಾಸ್‌ವರ್ಡ್’ ಪಡೆಯಬೇಕು. ಲಗತ್ತುಗಳು 25 ಎಂಬಿ ಮೀರಬಾರದು.

ನಮ್ಮಲ್ಲಿದ್ದುದು ಪೋರ್ಟಿನ ದೋಷವೇ. ಸಂಖ್ಯೆ ತಿದ್ದಿದೊಡನೆ ಅರ್ಜಿ ಹೊರಟಿತು. ವೇಳೆ ತೀರ ಕಡಿಮೆಯಿದ್ದರೆ ಬ್ರೌಸರಿನಲ್ಲಿ ಖಾತೆಯನ್ನು ತೆರೆದು ಅಲ್ಲಿಂದಲೇ ಕಳುಹಿಸಬಹುದು. ‘ಸೆಂಟ್’ ಕಡತದಲ್ಲಿ ಪತ್ರವನ್ನು ಕಂಡ ಮೇಲೆಯೇ ಕಂಪ್ಯೂಟರನ್ನು ಆರಿಸಿರಿ. ಕಡೆಯ ದಿನದವರೆಗೆ ಕಾಯದಿರುವುದು ಎಲ್ಲಕ್ಕಿಂತ ಲೇಸು.