ಮಧ್ಯರಾತ್ರಿ ಬೀಗ ಎಳೆದು ನೋಡುವವರು

ಸಹಕಾರಿ ಬ್ಯಾಂಕಿನ ಶಟರ್ ಪಕ್ಕದ ಗೋಡೆಯಲ್ಲಿ, ಚಿನ್ನಬೆಳ್ಳಿ ಅಂಗಡಿಯ ಮುಂದೆ, ದೇವಸ್ಥಾನದ ಕಚೇರಿ ಬಾಗಿಲಲ್ಲಿ ಪುಟ್ಟ ಪುಸ್ತಕವೊಂದನ್ನು ನೇತುಹಾಕಿರುವುದನ್ನು ನೀವು ಕಂಡಿರಬಹುದು. ಅದು ಬೀಟ್ ಪುಸ್ತಕ. ರಾತ್ರಿ ಗಸ್ತಿನ ಪೊಲೀಸರು ಅಲ್ಲಿಗೆ ಬಂದು, ಬೀಗ ಎಳೆದು ನೋಡಿ, ಸಂದಿಗೊಂದಿಗೆ ಟಾರ್ಚ್ ಬಿಟ್ಟು, ಅದರಲ್ಲಿ ವೇಳೆ ಬರೆದು ಸಹಿ ಹಾಕಬೇಕು. ಬರೆದ ವೇಳೆಗೆ ಅವರು ನಿಜಕ್ಕೂ ಅಲ್ಲಿದ್ದರೇ ಎಂದು ತಪಾಸಣೆಗೆ ಬರುವ ಅಧಿಕಾರಿ ನೋಡುತ್ತಾರೆ. ಈಗ ಹಲವೆಡೆ ಪುಸ್ತಕದ ಜಾಗಕ್ಕೆ ಮೊಬೈಲಿನಲ್ಲಿ ಸ್ಕ್ಯಾನ್ ಮಾಡುವ ಕ್ಯೂಆರ್ ಚೀಟಿ ಬಂದಿದೆ. ಕೆಲಸ ಮಾತ್ರ ಬದಲಾಗಿಲ್ಲ. ಹೋಗಬೇಕು, ನೋಡಬೇಕು, ಮುಟ್ಟಿ ಖಾತ್ರಿ ಮಾಡಿಕೊಳ್ಳಬೇಕು.

ಪೊಲೀಸ್ ಕೆಲಸವೆಂದರೆ ನಮ್ಮ ಕಣ್ಣ ಮುಂದೆ ಬರುವುದು ತನಿಖೆ, ಬಂಧನ, ಪತ್ರಿಕಾಗೋಷ್ಠಿಯ ಮೇಜಿನ ಮೇಲೆ ಹರಡಿದ ಒಡವೆ. ಪತ್ತೆಯಾದ ಪ್ರಕರಣಕ್ಕೆ ಬಹುಮಾನವಿದೆ, ಫೋಟೊ ಇದೆ. ನಡೆಯದೇ ಹೋದ ಕಳ್ಳತನಕ್ಕೆ ರಿಜಿಸ್ಟರ್ ಇಲ್ಲ. ಟಾರ್ಚಿನ ಬೆಳಕು ಕಂಡು ಹಿತ್ತಿಲಿನಿಂದಲೇ ವಾಪಸು ಹೋದ ಕಳ್ಳನ ಲೆಕ್ಕವನ್ನು ಯಾರೂ ಇಡಲಾರರು. ಹಾಗಾಗಿ ಗಸ್ತಿನವರ ದುಡಿಮೆಗೆ ಇಲಾಖೆಯ ಒಳಗೂ ಹೊರಗೂ ಸಿಗಬೇಕಾದ ಬೆಲೆ ಸಿಕ್ಕಿಲ್ಲ. ಒಂದು ಠಾಣೆ ಹೇಗಿದೆ ಎಂದು ತಿಳಿಯಬೇಕಾದರೆ ಅದರ ಇನ್‌ಸ್ಪೆಕ್ಟರ್ ಯಾರೆಂದು ಕೇಳುವುದಕ್ಕಿಂತ ಅಲ್ಲಿ ಬೀಟ್ ಹೇಗೆ ನಡೆಯುತ್ತಿದೆ ಎಂದು ಕೇಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಊರು ಕಾಯುವ ಕೆಲಸ ನಮ್ಮಲ್ಲಿ ಹೊಸದಲ್ಲ. ಹಳ್ಳಿಗಳಲ್ಲಿ ತಳವಾರ, ತೋಟಿ ಇದ್ದರು. ವಂಶಪಾರಂಪರ್ಯವಾಗಿ ಬಂದ ಆ ಹುದ್ದೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಕೊನೆಗಾಣಿಸಿತು. ರಾಜ್ಯಕ್ಕೆಲ್ಲ ಅನ್ವಯಿಸುವ ಪೊಲೀಸ್ ಕಾಯ್ದೆ 1963ರಲ್ಲಿ ರೂಪುಗೊಂಡು 1965ರ ಏಪ್ರಿಲ್ 2ರಂದು ಜಾರಿಗೆ ಬಂತು. ಪ್ರತಿವರ್ಷ ಪೊಲೀಸ್ ಧ್ವಜ ದಿನಾಚರಣೆ ನಡೆಯುವುದು ಅದೇ ದಿನ. ಠಾಣೆಯ ಸರಹದ್ದನ್ನು ಬೀಟ್‌ಗಳಾಗಿ ಹಂಚುವ ಪದ್ಧತಿ ಬ್ರಿಟಿಷರ ಕಾಲದ್ದು. 2017ರಲ್ಲಿ ಕರ್ನಾಟಕ ಪೊಲೀಸ್ ಅದನ್ನು ತಿದ್ದಿ ಸುಧಾರಿತ ಗಸ್ತು ವ್ಯವಸ್ಥೆ ತಂದಿತು. ಬೀಟನ್ನು ಪಾಳಿಯಲ್ಲಿ ಸಿಕ್ಕವರ ಕೆಲಸವಾಗಿ ಬಿಡದೆ ಠಾಣೆಯ ಕಾನ್‌ಸ್ಟೆಬಲ್, ಹೆಡ್ ಕಾನ್‌ಸ್ಟೆಬಲ್‌ಗಳಿಗೆ ಒಂದೊಂದು ಪ್ರದೇಶದ ಹೊಣೆ ಕೊಡುವುದು, ಅಲ್ಲಿನ ನಿವಾಸಿಗಳನ್ನೂ ಜೊತೆಗೆ ಸೇರಿಸಿಕೊಳ್ಳುವುದು ಅದರ ತಿರುಳು. ಈ ಬೀದಿ ನಿನ್ನದು, ಇದರ ಒಳಿತು ಕೆಡುಕು ನಿನಗೆ ಗೊತ್ತಿರಬೇಕು ಎಂದು ಒಬ್ಬರಿಗೆ ಒಪ್ಪಿಸುವುದು ಸರಿಯಾದ ಆಲೋಚನೆ.

ರಾತ್ರಿ ಪಾಳಿ ಶುರುವಾಗುವುದು ರೋಲ್ ಕಾಲ್‌ನಿಂದ. ಯಾರಿಗೆ ಯಾವ ಬೀಟ್, ಯಾರಿಗೆ ಸೆಂಟ್ರಿ, ಯಾರು ಜೀಪಿನಲ್ಲಿ ಎಂದು ಹಂಚಿಕೆಯಾಗುತ್ತದೆ. ಹಿಂದಿನ ದಿನ ಎಲ್ಲಿ ಕಳವಾಯಿತು, ಕದ್ದ ಬೈಕಿನ ನಂಬರ್ ಏನು, ಕಾಣೆಯಾದವರು ಯಾರು ಎಂಬುದನ್ನು ಓದಿ ಹೇಳುತ್ತಾರೆ. ಆಮೇಲೆ ಎಟಿಎಂ, ಬಸ್ ನಿಲ್ದಾಣ, ಲಾಡ್ಜಿನ ರಿಜಿಸ್ಟರ್, ಬೀಗ ಹಾಕಿದ ಮನೆಗಳು. ನುರಿತವರ ಕಣ್ಣೇ ಬೇರೆ. ಗೇಟಿನಲ್ಲಿ ಹಾಗೇ ಬಿದ್ದಿರುವ ಪತ್ರಿಕೆ, ಹಗಲಲ್ಲೂ ಉರಿಯುತ್ತಿದ್ದ ವರಾಂಡದ ದೀಪ, ನಿನ್ನೆಯ ರಂಗೋಲಿಯೇ ಮಾಸಿಕೊಂಡಿರುವ ಬಾಗಿಲು, ಇಷ್ಟರಿಂದಲೇ ಮನೆಯವರು ಊರಲ್ಲಿಲ್ಲ ಎಂದು ತಿಳಿಯುತ್ತಾರೆ. ಕಳ್ಳನೂ ನೋಡುವುದು ಇವನ್ನೇ. ಅವನಿಗಿಂತ ಮೊದಲು ನೋಡುವುದರಲ್ಲಿದೆ ಗಸ್ತಿನ ಜಾಣ್ಮೆ. ಎರಡು ಗಂಟೆಯ ನಂತರ ನಿದ್ದೆ ಒತ್ತರಿಸಿಕೊಂಡು ಬರುತ್ತದೆ. ಬೈಕಿನ ಸದ್ದಿಗೆ ಬೀದಿನಾಯಿಗಳು ಬೆನ್ನು ಹತ್ತುತ್ತವೆ. ಮಲೆನಾಡಿನ ಠಾಣೆಗಳಲ್ಲಿ ಜೂನ್‌ನಿಂದ ಮೂರು ತಿಂಗಳು ಮೈಮೇಲಿನ ರೇನ್‌ಕೋಟ್ ಒಣಗುವುದೇ ಇಲ್ಲ.

ನಗರಗಳಲ್ಲಿ ಇದರ ಜೊತೆಗೆ ವಾಹನ ಗಸ್ತು ಇದೆ. ಬೆಂಗಳೂರಿನ ಹೊಯ್ಸಳ ಕಾರುಗಳು, ಚೀತಾ ಬೈಕುಗಳು ಎಲ್ಲರಿಗೂ ಗೊತ್ತು. ಮಹಿಳೆಯರ ನೆರವಿಗೆಂದು 2017ರಲ್ಲಿ ಪಿಂಕ್ ಹೊಯ್ಸಳ ಸೇರಿಕೊಂಡಿತು. ನೀವು 112ಕ್ಕೆ ಕರೆ ಮಾಡಿದರೆ ಕಂಟ್ರೋಲ್ ರೂಂನಲ್ಲಿ ಒಬ್ಬರು ವಿವರ ಬರೆದುಕೊಳ್ಳುತ್ತಾರೆ, ಹತ್ತಿರದ ಗಸ್ತು ವಾಹನಕ್ಕೆ ಅದು ರವಾನೆಯಾಗುತ್ತದೆ, ವಾಹನದಲ್ಲಿರುವ ಪರದೆಯ ಮೇಲೆ ಮೂಡುತ್ತದೆ. ಹೋದವರು ಏನು ಕ್ರಮ ಕೈಗೊಂಡರು ಎಂದು ವರದಿ ಹಾಕಿದ ಮೇಲೆಯೇ ಕರೆ ಮುಗಿದಂತೆ. ಎಷ್ಟು ನಿಮಿಷದಲ್ಲಿ ತಲುಪಿದರು ಎಂಬುದೂ ದಾಖಲಾಗುತ್ತದೆ. ಇಕ್ಕಟ್ಟಿನ ಗಲ್ಲಿಯಲ್ಲಿ, ಮನೆ ನಂಬರೇ ಇಲ್ಲದ ಬಡಾವಣೆಯಲ್ಲಿ, ಕರೆ ಮಾಡಿದವರು ಫೋನ್ ಎತ್ತದಿದ್ದಾಗ ಆ ನಿಮಿಷಗಳು ಹೇಗೆ ಓಡುತ್ತವೆ ಎಂಬುದು ಮಾತ್ರ ವರದಿಯಲ್ಲಿ ಬರುವುದಿಲ್ಲ.

ಬರುವ ಕರೆಗಳಲ್ಲಿ ದೊಡ್ಡ ಅಪರಾಧಗಳಿಗಿಂತ ಸಂಸಾರದ ಗೋಳೇ ಹೆಚ್ಚು. ಕುಡಿದು ಬಂದ ಗಂಡ, ಮೇಲಿನ ಮನೆಯ ಸೌಂಡ್ ಸಿಸ್ಟಂ, ಗೇಟಿಗೆ ಅಡ್ಡ ನಿಲ್ಲಿಸಿದ ಕಾರು, ಬಾಡಿಗೆ ಅಡ್ವಾನ್ಸಿನ ಜಗಳ, ಮನೆ ಬಿಟ್ಟು ಹೋದ ಹುಡುಗ. ಇಂಥ ಜಗಳಗಳಲ್ಲಿ ಅನೇಕವು ಕಾನೂನಿನ ಭಾಷೆಯಲ್ಲಿ ಅಸಂಜ್ಞೇಯ ಅಪರಾಧಗಳು. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಅವುಗಳ ತನಿಖೆ ನಡೆಸುವಂತಿಲ್ಲ. ಠಾಣೆಯಲ್ಲಿ ಎನ್‌ಸಿಆರ್ ಎಂಬ ಅಸಂಜ್ಞೇಯ ಅಪರಾಧದ ವರದಿ ಬರೆದುಕೊಂಡು ರಸೀದಿ ಕೊಡುತ್ತಾರೆ. ದೂರು ಕೊಟ್ಟವರಿಗೆ ಪೊಲೀಸರು ಕೈ ತೊಳೆದುಕೊಂಡರು ಎನ್ನಿಸುತ್ತದೆ. ಗಸ್ತಿನವರ ಕೈಯಲ್ಲಿ ಆಗ ಉಳಿಯುವುದು ಮಾತು ಮಾತ್ರ. ಯಾರನ್ನು ಹೊರಗೆ ಕರೆದು ಮಾತಾಡಿಸಬೇಕು, ಯಾರೆದುರು ದನಿ ಏರಿಸಬಾರದು, ಮಕ್ಕಳನ್ನು ಮೊದಲು ಪಕ್ಕದ ಮನೆಗೆ ಹೇಗೆ ಕಳಿಸಬೇಕು ಎಂಬುದೆಲ್ಲ ವರ್ಷಗಟ್ಟಲೆ ಬಾಗಿಲು ಬಾಗಿಲು ತಿರುಗಿ ಕಲಿತದ್ದು. ಆದರೆ ಹೆಂಗಸಿನ ಮೈಮೇಲೆ ಬಾಸುಂಡೆ ಇದ್ದಾಗಲೂ ರಾಜಿ ಮಾಡಿಸಿ ಹೊರಟುಬಿಡುವ ಗಸ್ತು, ತನ್ನ ಕೆಲಸವನ್ನೇ ಬಿಟ್ಟುಕೊಟ್ಟ ಹಾಗೆ. ಅಲ್ಲಿ ಬೇಕಾದದ್ದು ಸಮಾಧಾನವಲ್ಲ, ಎಫ್‌ಐಆರ್.

ಹೆದ್ದಾರಿಯಲ್ಲಿ ಅಪಘಾತವಾದರೆ ಮೊದಲು ತಲುಪುವವರಲ್ಲಿ ಇವರೂ ಒಬ್ಬರು. ಗಾಯಾಳುವನ್ನು ಆಸ್ಪತ್ರೆಗೆ ಕಳಿಸಬೇಕು, ಹಿಂದಿನಿಂದ ಬರುವ ಲಾರಿಗಳನ್ನು ನಿಧಾನಗೊಳಿಸಬೇಕು, ಸತ್ತವರ ಜೇಬಿನಲ್ಲಿ ರಿಂಗಾಗುತ್ತಿರುವ ಫೋನ್ ಎತ್ತಿ ಉತ್ತರಿಸಬೇಕು. ಕೆರೆಯಲ್ಲಿ ಹೆಣ ತೇಲಿದರೆ ಅಸ್ವಾಭಾವಿಕ ಸಾವಿನ ವರದಿ (ಯುಡಿಆರ್) ದಾಖಲಾಗಿ ಪಂಚನಾಮೆ ಮುಗಿಯುವವರೆಗೆ ಅದಕ್ಕೆ ಕಾವಲು ನಿಲ್ಲುವವರೂ ಕಾನ್‌ಸ್ಟೆಬಲ್‌ಗಳೇ. ಬೀದಿಯಲ್ಲಿ ಒಬ್ಬರೇ ಮಾತಾಡಿಕೊಂಡು, ಮೈಮೇಲೆ ಪರಿವೆಯಿಲ್ಲದೆ ಅಲೆಯುವವರ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ ಠಾಣೆಯ ಮೇಲೆ ಸ್ಪಷ್ಟ ಹೊಣೆ ಹೊರಿಸಿದೆ. ಅವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ತಲುಪಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಕಾಯ್ದೆಯ ಈ ಮಾತನ್ನು ನಡುರಾತ್ರಿ ನಡೆಸಬೇಕಾದವರು ಜೀಪಿನಲ್ಲಿರುವ ಇಬ್ಬರು. ಹೆದರಿ ಕಲ್ಲು ಹಿಡಿದು ನಿಂತವರನ್ನು ಹೊಡೆಯದೆ, ಟೀ ಕೊಡಿಸಿ, ಪುಸಲಾಯಿಸಿ ಕರೆದುಕೊಂಡು ಹೋಗುವುದಕ್ಕೆ ಎಷ್ಟು ತಾಳ್ಮೆ ಬೇಕೆಂದು ಯೋಚಿಸಿ ನೋಡಿ. ಇಂಥ ಕೆಲಸ ಮಾಡಿದವರು ಬೆಳಿಗ್ಗೆ ಮನೆಗೆ ಹೋಗಿ ಮಕ್ಕಳಿಗೆ ಸ್ಕೂಲ್ ಬ್ಯಾಗ್ ಹಾಕುತ್ತಾರೆ.

ಇಷ್ಟೆಲ್ಲದರ ಹಿಂದೆ ಇರುವ ಬಂಡವಾಳ ಒಂದೇ, ಪರಿಚಯ. ಒಂದೇ ಬೀಟಿನಲ್ಲಿ ಎರಡು ವರ್ಷ ಓಡಾಡಿದವರಿಗೆ ಮಗ ಅಮೆರಿಕದಲ್ಲಿರುವ ಒಂಟಿ ಮುದುಕಿಯ ಮನೆ ಗೊತ್ತಿರುತ್ತದೆ.

"ಏನಜ್ಜಿ, ಮಗ ಫೋನ್ ಮಾಡಿದ್ನಾ?"

"ಭಾನುವಾರ ಮಾಡ್ದ ಕಣಪ್ಪ. ಆ ಮೂಲೆ ಲೈಟು ಹೋಗಿ ಎಂಟು ದಿನ ಆಯ್ತು, ಯಾರಿಗಾದ್ರೂ ಹೇಳಪ್ಪ."

ಇಂಥ ಎರಡು ಮಾತಿನಲ್ಲಿ ಸಿಗುವ ಸುಳಿವನ್ನು ಕ್ಯಾಮೆರಾ ಕೊಡಲಾರದು. ಖಾಲಿ ಸೈಟಿನಲ್ಲಿ ಸಂಜೆ ಹೊತ್ತು ಸೇರುವ ಹುಡುಗರು ಯಾರ ಮಕ್ಕಳು, ಹೊಸದಾಗಿ ಗಾಂಜಾ ಎಲ್ಲಿಂದ ಬರುತ್ತಿದೆ, ಜೈಲಿನಿಂದ ಬಿಡುಗಡೆಯಾದ ರೌಡಿಶೀಟರ್ ದುಡಿದು ತಿನ್ನುತ್ತಿದ್ದಾನೋ ಹಳೆಯ ಸಹವಾಸಕ್ಕೆ ಬಿದ್ದಿದ್ದಾನೋ ಎಂಬುದು ಟೀ ಅಂಗಡಿಯವರಿಗೆ, ಹಾಲು ಹಾಕುವವರಿಗೆ, ಆಟೊ ನಿಲ್ದಾಣದವರಿಗೆ ಗೊತ್ತಿರುತ್ತದೆ. ನಂಬಿಕೆ ಇದ್ದರೆ ಅವರು ಹೇಳುತ್ತಾರೆ.

ನಂಬಿಕೆ ಕೆಡುವುದು ಮಾತ್ರ ಒಂದೇ ರಾತ್ರಿಯಲ್ಲಿ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ತಡರಾತ್ರಿ ಮನೆಗೆ ನಡೆದು ಹೋಗುತ್ತಿದ್ದ ದಂಪತಿಯನ್ನು ತಡೆದ ಗಸ್ತಿನ ಇಬ್ಬರು ಪೊಲೀಸರು, ಈ ಹೊತ್ತಿನಲ್ಲಿ ಓಡಾಡುವಂತಿಲ್ಲ ಎಂದು ಬೆದರಿಸಿ ಮೊಬೈಲಿನಿಂದ 1,000 ರೂಪಾಯಿ ಹಾಕಿಸಿಕೊಂಡರು. ದೂರು ಬಂದ ಮೇಲೆ ಇಬ್ಬರನ್ನೂ ಅಮಾನತು ಮಾಡಲಾಯಿತು. ಆ ಹೊತ್ತಿನಲ್ಲಿ ಓಡಾಡಬಾರದೆಂಬ ಕಾನೂನು ಇರಲೇ ಇಲ್ಲ. ಆ ದಂಪತಿಗೆ ಓದುಬರಹವಿತ್ತು, ದೂರು ಕೊಡುವ ದಾರಿ ಗೊತ್ತಿತ್ತು. ತಳ್ಳುಗಾಡಿಯವರು, ವಲಸೆ ಬಂದ ಕೂಲಿಗಳು, ಗುಡಿಸಲಿನ ಹುಡುಗರು ಎದುರಾದಾಗ ಅದೇ ಖಾಕಿ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ನಿಜವಾದ ಪರೀಕ್ಷೆ. ಗಸ್ತಿನ ಕಷ್ಟಗಳನ್ನು ಹೇಳುವಾಗ ಇದನ್ನು ಬಿಟ್ಟು ಹೇಳಿದರೆ ಅನ್ಯಾಯವಾಗುತ್ತದೆ. ಪ್ರಾಮಾಣಿಕವಾಗಿ ಬೀಗ ಎಳೆದು ನೋಡುವ ಸಾವಿರಾರು ಮಂದಿಗೂ ಆಗುವ ಅನ್ಯಾಯ ಅದು.

ಕಷ್ಟಗಳು ಕಡಿಮೆಯಿಲ್ಲ. ಕಾಮನ್ ಕಾಸ್ ಮತ್ತು ಸಿಎಸ್‌ಡಿಎಸ್ ಸಂಸ್ಥೆಗಳು 2019ರಲ್ಲಿ ಪ್ರಕಟಿಸಿದ ದೇಶಮಟ್ಟದ ಅಧ್ಯಯನದ ಪ್ರಕಾರ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. ನಮ್ಮಲ್ಲಿ ಈ ಬೇಗುದಿ ಬೀದಿಗೆ ಬಂದದ್ದು 2016ರಲ್ಲಿ. ಆ ವರ್ಷದ ಜೂನ್ 4ರಂದು ಸಾಮೂಹಿಕ ರಜೆ ಹಾಕುವ ಕರೆ ರಾಜ್ಯವನ್ನೇ ಬೆಚ್ಚಿಬೀಳಿಸಿತು. ಹಿರಿಯ ಅಧಿಕಾರಿ ರಾಘವೇಂದ್ರ ಔರಾದಕರ್ ನೇತೃತ್ವದ ಸಮಿತಿ ವೇತನ ಪರಿಷ್ಕರಣೆಗೆ ವರದಿ ಕೊಟ್ಟಿತು. ಅದು ಜಾರಿಯಾಗಲು 2019 ಬರಬೇಕಾಯಿತು. ಬಿಸಿಲಿಗೂ ಓಟಕ್ಕೂ ಒಗ್ಗದ ಹಳೆಯ ಸ್ಲೋಚ್ ಹ್ಯಾಟ್ ಹೋಗಿ ಕಡುನೀಲಿ ಪೀಕ್ ಕ್ಯಾಪ್ ಬಂದದ್ದು 2025ರ ಅಕ್ಟೋಬರ್ 28ರಂದು, ಮುಖ್ಯಮಂತ್ರಿ ಸಿದ್ದರಾಮಯ್ಯ ಅವುಗಳನ್ನು ವಿತರಿಸಿದಾಗ. ಇವೆಲ್ಲ ಆಗಬೇಕಾದ ಕೆಲಸಗಳೇ. ರಾತ್ರಿ ಗಸ್ತಿನಲ್ಲಿರುವ ಮಹಿಳಾ ಸಿಬ್ಬಂದಿಗೆ ಒಂದು ಶುಚಿಯಾದ ಶೌಚಾಲಯ ಸಿಗುವುದು ಮಾತ್ರ ಇನ್ನೂ ಎಷ್ಟೋ ಕಡೆ ಪೆಟ್ರೋಲ್ ಬಂಕಿನವರ ದಯೆಯ ಮೇಲಿದೆ.

ಆದರೆ ಬೀಟಿನ ನಿಜವಾದ ಶತ್ರು ಬಂದೋಬಸ್ತ್. ರಾಜಕೀಯ ಸಮಾವೇಶ, ಗಣ್ಯರ ಭೇಟಿ, ಜಾತ್ರೆ, ಗಣೇಶ ವಿಸರ್ಜನೆ, ಕ್ರಿಕೆಟ್ ಪಂದ್ಯ, ಪರೀಕ್ಷಾ ಕೇಂದ್ರ, ಚುನಾವಣೆ, ಎಲ್ಲಕ್ಕೂ ಮೊದಲು ಕೈ ಹಾಕುವುದು ಬೀಟಿನ ಸಿಬ್ಬಂದಿಗೇ. ತನಿಖೆಯವರನ್ನು ಎಬ್ಬಿಸುವಂತಿಲ್ಲ, ಕೋರ್ಟ್ ಕೆಲಸದವರನ್ನು ಬಿಡುವಂತಿಲ್ಲ, ಠಾಣೆಯ ರೈಟರ್ ಇಲ್ಲದೆ ನಡೆಯುವುದಿಲ್ಲ. ಉಳಿದವರು ಬೀಟಿನವರು. ಹಗಲಿಡೀ ರಸ್ತೆ ಬದಿಯಲ್ಲಿ ಹಗ್ಗ ಹಿಡಿದು ನಿಂತವರನ್ನೇ ರಾತ್ರಿ ಮತ್ತೆ ಗಸ್ತಿಗೆ ಕಳಿಸಿದರೆ, ಅವರು ಬೀದಿ ನೋಡಿಯಾರೇ? ಸಹಿ ಬೀಳಬಹುದು, ಕ್ಯೂಆರ್ ಸ್ಕ್ಯಾನ್ ಆಗಬಹುದು. ಮಾಸಿದ ರಂಗೋಲಿ ಕಣ್ಣಿಗೆ ಬೀಳುವುದಿಲ್ಲ.

2025ರ ಜುಲೈನಲ್ಲಿ ಗೃಹ ಸಚಿವ ಜಿ. ಪರಮೇಶ್ವರ ಅವರು ಉದ್ಘಾಟಿಸಿದ "ಮನೆ ಮನೆಗೆ ಪೊಲೀಸ್" ಯೋಜನೆ ಇದೇ ಬೀಟ್ ಪೊಲೀಸರನ್ನು ಪ್ರತಿ ಮನೆಯ ಬಾಗಿಲಿಗೆ ಕಳಿಸುತ್ತದೆ. ಮನೆಯಲ್ಲಿ ಯಾರಿದ್ದಾರೆ, ಏನು ತೊಂದರೆ ಎಂದು ಅವರೇ ಬಂದು ಕೇಳುತ್ತಾರೆ. ನನಗೆ ಇದರಲ್ಲಿ ಭರವಸೆಯಿದೆ. ಅದು ಉಳಿಯಬೇಕಾದರೆ ಇಂದು ಬಂದವರೇ ಮುಂದಿನ ತಿಂಗಳೂ ಬರಬೇಕು, ಬೀಟಿಗೆ ನೇಮಿಸಿದವರನ್ನು ವಾರಕ್ಕೊಮ್ಮೆ ಬಂದೋಬಸ್ತಿಗೆ ಎಳೆಯಬಾರದು, ಅವರಿಗೆ ವಾರದ ರಜೆ ಕಾಗದದಲ್ಲಷ್ಟೇ ಅಲ್ಲದೆ ಕೈಗೂ ಸಿಗಬೇಕು. ಇದು ಸರ್ಕಾರ ಮಾಡಬೇಕಾದ ಕೆಲಸ. ನಮ್ಮ ಪಾಲಿನದು ಸಣ್ಣದು. ನಮ್ಮ ಬೀದಿ ಯಾವ ಬೀಟಿಗೆ ಸೇರುತ್ತದೆ, ಅದರ ಹೊಣೆ ಯಾರದು ಎಂದು ಠಾಣೆಯಲ್ಲಿ ಕೇಳಿ ಬರೆದುಕೊಳ್ಳಬಹುದು. ಹಬ್ಬಕ್ಕೆ ಊರಿಗೆ ಹೊರಟಾಗ ಮನೆಗೆ ಬೀಗ ಬಿದ್ದಿರುವುದನ್ನು ಅವರಿಗೆ ತಿಳಿಸಬಹುದು. ಅವರು ಬಾಗಿಲಿಗೆ ಬಂದಾಗ ಗೇಟಿನಾಚೆಯೇ ನಿಲ್ಲಿಸದೆ ಒಂದು ಕುರ್ಚಿ ಹಾಕಿ, ಬೀದಿಯಲ್ಲಿ ಯಾವ ದೀಪ ಉರಿಯುತ್ತಿಲ್ಲ, ಯಾವ ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ ಎಂದು ಹೇಳಬಹುದು.