ಉತ್ತರ ಕೊರಿಯಾ: ಪಡಿತರ, ಪಹರೆ, ಪರಮಾಣು ಬಾಂಬು

ಕೊರಿಯಾ 1910ರಿಂದ 1945ರವರೆಗೆ ಜಪಾನಿನ ವಸಾಹತಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತ ಮೇಲೆ 38ನೇ ಅಕ್ಷಾಂಶದ ಉತ್ತರಕ್ಕೆ ಸೋವಿಯತ್ ಸೇನೆ, ದಕ್ಷಿಣಕ್ಕೆ ಅಮೆರಿಕದ ಸೇನೆ ಬಂದು ಬೀಡುಬಿಟ್ಟವು. ಆ ಗೆರೆ ಎಳೆದವರು ಕೊರಿಯನ್ನರನ್ನು ಒಂದು ಮಾತೂ ಕೇಳಲಿಲ್ಲ. 1948ರ ಸೆಪ್ಟೆಂಬರ್ 9ರಂದು ಉತ್ತರದಲ್ಲಿ ಕಿಮ್ ಇಲ್ ಸುಂಗ್ ನಾಯಕತ್ವದಲ್ಲಿ ಕಮ್ಯುನಿಸ್ಟ್ ಸರ್ಕಾರ ಸ್ಥಾಪನೆಯಾಯಿತು. 1950ರ ಜೂನ್ 25ರಂದು ಆತನ ಸೇನೆ ದಕ್ಷಿಣಕ್ಕೆ ನುಗ್ಗಿತು. ಮೂರು ವರ್ಷದ ಯುದ್ಧದಲ್ಲಿ ಲಕ್ಷಾಂತರ ಜನ ಸತ್ತರು. ಅಮೆರಿಕದ ಬಾಂಬ್ ದಾಳಿಗೆ ಉತ್ತರದ ಪಟ್ಟಣಗಳು ನೆಲಸಮವಾದವು. 1953ರ ಜುಲೈ 27ರಂದು ಪಾನ್‌ಮುಂಜೊಮ್‌ನಲ್ಲಿ ಆದದ್ದು ಕದನವಿರಾಮ ಮಾತ್ರ, ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆಯನ್ನು ಆಗ ತಟಸ್ಥ ರಾಷ್ಟ್ರಗಳ ಆಯೋಗವೊಂದಕ್ಕೆ ಒಪ್ಪಿಸಲಾಯಿತು. ಅದರ ಅಧ್ಯಕ್ಷರಾಗಿದ್ದವರು ಭಾರತದ ಸೇನಾಧಿಕಾರಿ, ಕೊಡಗಿನ ಕೆ.ಎಸ್. ತಿಮ್ಮಯ್ಯ.

ಮುಗಿಯದ ಈ ಯುದ್ಧವೇ ಕಿಮ್ ಮನೆತನದ ಬಂಡವಾಳ. ಶತ್ರು ಬಾಗಿಲಲ್ಲೇ ನಿಂತಿದ್ದಾನೆ ಎಂಬ ಮಾತಿನಿಂದ ಒಳಗಿನ ಕಟ್ಟುಪಾಡನ್ನೂ ಹೊರಗಿನ ಹಗೆಯನ್ನೂ ಒಟ್ಟಿಗೇ ಸಮರ್ಥಿಸಿಕೊಳ್ಳಲಾಗುತ್ತದೆ. 1994ರಲ್ಲಿ ಕಿಮ್ ಇಲ್ ಸುಂಗ್ ಸತ್ತಾಗ ಅಧಿಕಾರ ಮಗ ಕಿಮ್ ಜೊಂಗ್ ಇಲ್‌ಗೆ ಹೋಯಿತು, 2011ರಲ್ಲಿ ಮೊಮ್ಮಗ ಕಿಮ್ ಜೊಂಗ್ ಉನ್‌ಗೆ. ಅಜ್ಜನಿಂದ ಮೊಮ್ಮಗನಿಗೆ ಇಳಿದು ಬಂದ ಈ ಪಟ್ಟಕ್ಕೆ ಮಾರ್ಕ್ಸ್‌ನ ಬರಹದಲ್ಲಿ ಎಲ್ಲೂ ಆಧಾರವಿಲ್ಲ.

ಪ್ರಜೆಯ ಬದುಕು ಎತ್ತ ಸಾಗಬೇಕೆಂಬುದು ಆತ ಹುಟ್ಟುವ ಮೊದಲೇ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. 'ಸೊಂಗ್‌ಬುನ್' ಎಂಬ ದಾಖಲೆ ಪದ್ಧತಿ ಜನರನ್ನು ನಿಷ್ಠರು, ನಂಬಲಾಗದವರು, ಹಗೆಗಳು ಎಂದು ಮೂರು ದೊಡ್ಡ ವರ್ಗಗಳಾಗಿ ವಿಂಗಡಿಸುತ್ತದೆ. ಒಳಪಂಗಡಗಳು 51 ಎಂದು ಅಧ್ಯಯನಕಾರರು ಗುರುತಿಸಿದ್ದಾರೆ. ಅಜ್ಜ ಜಪಾನೀಯರ ವಿರುದ್ಧ ಹೋರಾಡಿದ್ದರೆ ಮೊಮ್ಮಗನಿಗೆ ಒಳ್ಳೆಯ ಕಾಲೇಜು, ಪಕ್ಷದ ಸದಸ್ಯತ್ವ, ರಾಜಧಾನಿ ಪ್ಯೊಂಗ್‌ಯಾಂಗ್‌ನಲ್ಲಿ ಮನೆ. ಅಜ್ಜ ಜಮೀನ್ದಾರನಾಗಿದ್ದರೆ, ಇಲ್ಲವೇ ನೆಂಟರೊಬ್ಬರು ದಕ್ಷಿಣಕ್ಕೆ ಓಡಿಹೋಗಿದ್ದರೆ, ಗಣಿಯ ಕೆಲಸ, ಮೂಲೆಯ ಹಳ್ಳಿ. ಜಾತಿಯ ಕಟ್ಟನ್ನು ಕಂಡುಂಡ ನಾಡಿನ ಓದುಗರಿಗೆ ಇದರ ಕ್ರೌರ್ಯವನ್ನು ಬಿಡಿಸಿ ಹೇಳಬೇಕಿಲ್ಲ.

ಪಹರೆ ಶುರುವಾಗುವುದು ಮನೆಯಂಗಳದಿಂದ. ಇಪ್ಪತ್ತರಿಂದ ನಲವತ್ತು ಮನೆಗಳಿಗೆ ಒಂದು 'ಇನ್‌ಮಿನ್‌ಬಾನ್', ಅಂದರೆ ನೆರೆಹೊರೆಯ ಗುಂಪು ಇರುತ್ತದೆ. ಅದರ ಮುಖ್ಯಸ್ಥೆ ಸಾಮಾನ್ಯವಾಗಿ ನಡುವಯಸ್ಸಿನ ಹೆಂಗಸು. ಯಾರ ಮನೆಯಲ್ಲಿ ಯಾರು ಉಳಿದಿದ್ದಾರೆ, ಯಾರ ಕೈಯಲ್ಲಿ ಇದ್ದಕ್ಕಿದ್ದಂತೆ ದುಡ್ಡು ಓಡಾಡುತ್ತಿದೆ ಎಂಬುದು ಆಕೆಗೆ ಗೊತ್ತಿರಬೇಕು. ರಾತ್ರಿ ಉಳಿಯುವ ನೆಂಟರ ಹೆಸರನ್ನೂ ಬರೆಸಬೇಕು. ಪ್ರತಿ ಮನೆಯ ಗೋಡೆಯಲ್ಲಿ ನಾಯಕರ ಭಾವಚಿತ್ರಗಳಿರುತ್ತವೆ. ಅವುಗಳ ಪಕ್ಕದಲ್ಲಿ ಬೇರೇನನ್ನೂ ತೂಗುಹಾಕುವಂತಿಲ್ಲ. ಒರೆಸುವುದಕ್ಕೆ ಬೇರೆಯೇ ಬಟ್ಟೆ. ದೂಳು ಹಿಡಿದಿದ್ದರೆ ತನಿಖೆಗೆ ಬಂದವರಿಗೆ ಉತ್ತರ ಕೊಡಬೇಕು. ವಾರಕ್ಕೊಮ್ಮೆ ನಡೆಯುವ ಸಭೆಯಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ತಪ್ಪು ಒಪ್ಪಿಕೊಂಡು, ಮತ್ತೊಬ್ಬರ ತಪ್ಪನ್ನೂ ಎತ್ತಿ ಆಡಬೇಕು. ಗೆಳೆಯರು ಮೊದಲೇ ಮಾತಾಡಿಕೊಂಡು ಸಣ್ಣಪುಟ್ಟ ತಪ್ಪುಗಳನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದರೆಂದು ದೇಶ ಬಿಟ್ಟು ಬಂದವರು ಹೇಳಿದ್ದಾರೆ.

ದಶಕಗಳ ಕಾಲ ಜನರ ಊಟವೂ ಸರ್ಕಾರದ ಕೈಯಲ್ಲೇ ಇತ್ತು. ಸಾಮಾನ್ಯ ಕಾರ್ಮಿಕನಿಗೆ ದಿನಕ್ಕೆ 700 ಗ್ರಾಂ ಧಾನ್ಯವೆಂಬುದು ಲೆಕ್ಕ. 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದಾಗ ಅಗ್ಗದ ತೈಲ, ಗೊಬ್ಬರ ಎರಡೂ ನಿಂತವು. ಪಂಪುಸೆಟ್ಟಿಗೆ ಕರೆಂಟಿಲ್ಲ, ಹೊಲಕ್ಕೆ ಗೊಬ್ಬರವಿಲ್ಲ. ಅದರ ಮೇಲೆ 1995ರ ಮಹಾಪ್ರವಾಹ. ಈಶಾನ್ಯದ ಹಮ್‌ಗ್ಯೊಂಗ್ ಪ್ರಾಂತ್ಯಗಳಿಗೆ, ಚೊಂಗ್‌ಜಿನ್‌ನಂಥ ಕಾರ್ಖಾನೆ ಪಟ್ಟಣಗಳಿಗೆ ಪಡಿತರ ಎಲ್ಲಕ್ಕಿಂತ ಮೊದಲು ನಿಂತಿತು. ಜನ ಹುಲ್ಲು, ಮರದ ತೊಗಟೆ ಬೇಯಿಸಿ ತಿಂದರು. ಸತ್ತವರು 6ರಿಂದ 10 ಲಕ್ಷ ಎಂಬುದು ಹಲವು ಸಂಶೋಧಕರ ಅಂದಾಜು. ಇನ್ನೂ ಹೆಚ್ಚೆನ್ನುವವರೂ ಇದ್ದಾರೆ. ಸರ್ಕಾರ ಈ ಬರಗಾಲವನ್ನು 'ಕಷ್ಟದ ನಡಿಗೆ' ಎಂದು ಕರೆಯಿತು. ಹೊರಗಿನವರ ಕಣ್ಣು ಬೀಳಬಾರದೆಂದು ನೆರವಿನ ಸಂಸ್ಥೆಗಳಿಗೆ ದೇಶದ ಅನೇಕ ಭಾಗಗಳನ್ನು ಮುಚ್ಚಿಟ್ಟಿತು. ಸಾವಿಗೆ ಮಳೆಯೊಂದನ್ನೇ ದೂರುವುದು ಸತ್ತವರಿಗೆ ಮಾಡುವ ಅನ್ಯಾಯ.

ಆ ಹಸಿವಿನಿಂದಲೇ 'ಜಾಂಗ್‌ಮದಾಂಗ್' ಎಂಬ ಸಂತೆಗಳು ಹುಟ್ಟಿದವು. ಅವನ್ನು ಕಟ್ಟಿದವರು ಹೆಂಗಸರು. ಗಂಡಸರು ಸಂಬಳವಿರಲಿ ಬಿಡಲಿ ಕಾರ್ಖಾನೆಗೆ ಹಾಜರಾಗಲೇಬೇಕಿತ್ತು; ಮದುವೆಯಾದ ಹೆಂಗಸರಿಗೆ ಆ ಕಟ್ಟಿರಲಿಲ್ಲ. ಅವರು ತೋಫು, ನೂಡಲ್ಸ್, ಚೀನಾದಿಂದ ಬಂದ ಬಟ್ಟೆ ಮಾರಿ ಮನೆ ಸಾಕಿದರು. ಕ್ರಮೇಣ ಗಂಡಸರೂ ಕಾರ್ಖಾನೆಗೇ ತಿಂಗಳಿಗಿಷ್ಟೆಂದು ಹಣ ಕಟ್ಟಿ, ಹಾಜರಿಯಿಂದ ಬಿಡುಗಡೆ ಪಡೆದು ವ್ಯಾಪಾರಕ್ಕಿಳಿದರು. ಈ ಹಣಕ್ಕೆ ಜನರ ಬಾಯಲ್ಲಿ '8.3' ಎಂದೇ ಹೆಸರು, 1984ರ ಆಗಸ್ಟ್ 3ರಂದು ಆರಂಭವಾದ ಸರ್ಕಾರಿ ಯೋಜನೆಯೊಂದರಿಂದ ಬಂದದ್ದು. 2009ರ ನವೆಂಬರಿನಲ್ಲಿ ಸರ್ಕಾರ ಹಳೆಯ 100 ವೊನ್‌ಗೆ ಹೊಸ 1 ವೊನ್ ಎಂದು ಸಾರಿ, ಬದಲಾಯಿಸಿಕೊಳ್ಳುವ ಮೊತ್ತಕ್ಕೂ ಮಿತಿ ಹಾಕಿತು. ಸಂತೆಯಲ್ಲಿ ಕೂತು ಕೂಡಿಟ್ಟ ಹಣ ರಾತ್ರೋರಾತ್ರಿ ಕಾಗದವಾಯಿತು. ಜನರ ಸಿಟ್ಟು ಎಷ್ಟಿತ್ತೆಂದರೆ ಕೆಲವೇ ತಿಂಗಳಲ್ಲಿ ಸಂತೆಗಳನ್ನು ಮತ್ತೆ ನಡೆಯಗೊಡಬೇಕಾಯಿತು.

ಸಂತೆಯ ಸರಕಿನ ಜೊತೆ ದಕ್ಷಿಣ ಕೊರಿಯಾದ ಧಾರಾವಾಹಿಗಳೂ ಒಳಬಂದವು. ವಿಡಿಯೊ ಕ್ಯಾಸೆಟ್ಟಿನ ಕಾಲದಲ್ಲಿ ಪೊಲೀಸರು ಇಡೀ ಕಟ್ಟಡದ ಕರೆಂಟು ತೆಗೆದು ಆಮೇಲೆ ಮನೆ ಹೊಗುತ್ತಿದ್ದರು. ಕ್ಯಾಸೆಟ್ಟು ಯಂತ್ರದಲ್ಲೇ ಸಿಕ್ಕಿಕೊಂಡಿರುತ್ತಿತ್ತು. 2020ರ ಡಿಸೆಂಬರಿನ ಕಾನೂನು ಇಂಥ ಧಾರಾವಾಹಿಗಳನ್ನು ಹಂಚುವವರಿಗೆ ಮರಣದಂಡನೆಯವರೆಗೂ ಶಿಕ್ಷೆ ವಿಧಿಸುತ್ತದೆ. ರಾಜಕೀಯ ಕೈದಿಗಳ ಶಿಬಿರಗಳಲ್ಲಿ 80 ಸಾವಿರದಿಂದ 1.2 ಲಕ್ಷ ಜನರಿದ್ದಾರೆಂದು ಮೈಕೆಲ್ ಕರ್ಬಿ ಅಧ್ಯಕ್ಷತೆಯ ವಿಶ್ವಸಂಸ್ಥೆಯ ವಿಚಾರಣಾ ಆಯೋಗ 2014ರಲ್ಲಿ ಅಂದಾಜಿಸಿತು. ಒಬ್ಬನ ತಪ್ಪಿಗೆ ಹೆತ್ತವರು, ಮಕ್ಕಳು ಕೂಡ ಶಿಬಿರ ಸೇರುವುದುಂಟು.

ಬಾಂಬಿನ ಕಥೆ ಅಣುಕೇಂದ್ರವಿರುವ ಯೊಂಗ್‌ಬ್ಯೊನ್‌ನಿಂದ ಆರಂಭವಾಗುತ್ತದೆ. 1986ರಲ್ಲಿ ಅಲ್ಲಿ ಶುರುವಾದ 5 ಮೆಗಾವಾಟಿನ ರಿಯಾಕ್ಟರು ವಿದ್ಯುತ್ತಿಗಿಂತ ಹೆಚ್ಚಾಗಿ ಪ್ಲುಟೋನಿಯಂ ಒದಗಿಸಿತು. ಅಂತರರಾಷ್ಟ್ರೀಯ ಪರೀಕ್ಷಕರಿಗೆ ಲೆಕ್ಕ ತಾಳೆಯಾಗದಿದ್ದಾಗ, 1993ರಲ್ಲಿ ಉತ್ತರ ಕೊರಿಯಾ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ಹೊರನಡೆಯುವುದಾಗಿ ಬೆದರಿಸಿತು. ಮರುವರ್ಷ ಅಮೆರಿಕ ಯೊಂಗ್‌ಬ್ಯೊನ್ ಮೇಲೆ ದಾಳಿಯ ಯೋಜನೆಯನ್ನೇ ಮುಂದಿಟ್ಟುಕೊಂಡಿತ್ತು. ಆದರೆ ಗಡಿಯಿಂದ ಸುಮಾರು 50 ಕಿ.ಮೀ. ದೂರದ ಸೋಲ್ ನಗರ ಉತ್ತರದ ಫಿರಂಗಿಗಳ ವ್ಯಾಪ್ತಿಯಲ್ಲಿದೆ. ಯುದ್ಧವಾದರೆ ಮೊದಲು ಸಾಯುವವರು ಅಲ್ಲಿಯ ಜನ. ಜೂನ್‌ನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪ್ಯೊಂಗ್‌ಯಾಂಗ್‌ಗೆ ಹೋಗಿ ಮಾತುಕತೆಗೆ ದಾರಿ ಮಾಡಿದರು. ಅಕ್ಟೋಬರಿನ ಜಿನೀವಾ ಒಪ್ಪಂದದಂತೆ ರಿಯಾಕ್ಟರು ನಿಂತಿತು. ಬದಲಿಗೆ ಎರಡು ಹೊಸ ರಿಯಾಕ್ಟರುಗಳು, ಅವು ಸಿದ್ಧವಾಗುವವರೆಗೆ ವರ್ಷಕ್ಕೆ 5 ಲಕ್ಷ ಟನ್ ಇಂಧನ ತೈಲ ಕೊಡುವುದೆಂದಾಯಿತು. ತೈಲ ತಡವಾಗಿ ಬಂತು, ರಿಯಾಕ್ಟರುಗಳು ಬರಲೇ ಇಲ್ಲ. ಇತ್ತ ಉತ್ತರ ಕೊರಿಯಾ ಬಾಂಬಿಗೆ ಯುರೇನಿಯಂ ದಾರಿಯನ್ನು ಗುಟ್ಟಾಗಿ ಹಿಡಿದಿತ್ತು. 2002ರಲ್ಲಿ ಒಪ್ಪಂದ ಮುರಿದುಬಿತ್ತು.

2006ರ ಅಕ್ಟೋಬರ್ 9ರಂದು ಪುಂಗ್ಯೆ-ರಿಯಲ್ಲಿ ನಡೆದ ಮೊದಲ ಅಣುಪರೀಕ್ಷೆಯ ಶಕ್ತಿ ಒಂದು ಕಿಲೋಟನ್ನನ್ನೂ ಮುಟ್ಟಲಿಲ್ಲ. 2017ರ ಸೆಪ್ಟೆಂಬರ್ 3ರ ಆರನೆಯ ಪರೀಕ್ಷೆ 100 ಕಿಲೋಟನ್ ದಾಟಿತೆಂದು ಬಹುತೇಕ ತಜ್ಞರ ಅಂದಾಜು. ಹಿರೋಷಿಮಾದ ಬಾಂಬಿನದು ಸುಮಾರು 15. ಅದೇ ವರ್ಷ ಆಗಸ್ಟ್ 29ರ ಬೆಳಗ್ಗೆ ಉತ್ತರ ಜಪಾನಿನಲ್ಲಿ ಸೈರನ್ ಕೂಗಿ, ಮೊಬೈಲುಗಳಿಗೆ ಆಸರೆ ಹುಡುಕಿಕೊಳ್ಳಿ ಎಂಬ ಸಂದೇಶ ಬಂತು. ಕ್ಷಿಪಣಿ ಹೊಕ್ಕೈಡೊ ದ್ವೀಪದ ಮೇಲೆ ಹಾದು ಸಮುದ್ರಕ್ಕೆ ಬಿತ್ತು. ಭಾರತಕ್ಕೂ ಈ ಕ್ಷಿಪಣಿಗಳ ಬಿಸಿ ತಟ್ಟಿದೆ: 1998ರಲ್ಲಿ ಪಾಕಿಸ್ತಾನ ಹಾರಿಸಿದ ಘೋರಿ ಕ್ಷಿಪಣಿಯ ಮೂಲ ಉತ್ತರ ಕೊರಿಯಾದ ನೊಡೊಂಗ್. 1999ರ ಜೂನ್‌ನಲ್ಲಿ ಕ್ಷಿಪಣಿ ಬಿಡಿಭಾಗಗಳಿದ್ದ ಉತ್ತರ ಕೊರಿಯಾದ ಹಡಗೊಂದನ್ನು ಕಾಂಡ್ಲಾ ಬಂದರಿನಲ್ಲಿ ಹಿಡಿಯಲಾಯಿತು.

ಈ ಪರೀಕ್ಷೆಗಳಿಗಾಗಿ ಹೇರಿದ ವಿಶ್ವಸಂಸ್ಥೆಯ ದಿಗ್ಬಂಧನ 2017ರ ಹೊತ್ತಿಗೆ ಕಲ್ಲಿದ್ದಲು, ಮೀನು, ಜವಳಿಯ ರಫ್ತನ್ನೂ ತಡೆಯಿತು. ಬಾಂಬು ನಿಲ್ಲಲಿಲ್ಲ, ದುಡಿಯುವ ಕೈಗಳ ಸಂಪಾದನೆ ನಿಂತಿತು. ಅಣ್ವಸ್ತ್ರ ಯೋಜನೆ ಕೈಬಿಟ್ಟ ಲಿಬಿಯಾದ ಗಡಾಫಿಗೆ 2011ರಲ್ಲಿ ಏನಾಯಿತೆಂಬುದನ್ನು ಪ್ಯೊಂಗ್‌ಯಾಂಗ್ ಪದೇ ಪದೇ ನೆನಪಿಸುತ್ತದೆ. 2018ರಲ್ಲಿ ಸಿಂಗಪುರದಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ಮತ್ತು ಕಿಮ್ ಜೊಂಗ್ ಉನ್ ಕೈಕುಲುಕಿದರು. ಯೊಂಗ್‌ಬ್ಯೊನ್ ಒಂದನ್ನು ಬಿಟ್ಟುಕೊಟ್ಟರೆ ಎಷ್ಟು ನಿರ್ಬಂಧ ಸಡಿಲಿಸಬೇಕೆಂಬ ಚೌಕಾಸಿಯಲ್ಲಿ 2019ರ ಹನೋಯ್ ಸಭೆ ಮುರಿಯಿತು. 2022ರ ಸೆಪ್ಟೆಂಬರಿನ ಕಾನೂನು ಅಣ್ವಸ್ತ್ರವನ್ನು ಎಂದಿಗೂ ಬಿಡುವುದಿಲ್ಲವೆಂದಿತು, ಮೊದಲು ಪ್ರಯೋಗಿಸುವುದಕ್ಕೂ ಅವಕಾಶವಿಟ್ಟಿತು. 2024ರಲ್ಲಿ ಕಿಮ್ ದಕ್ಷಿಣದೊಂದಿಗೆ ಒಂದಾಗುವ ಗುರಿಯನ್ನೇ ಕೈಬಿಟ್ಟು, ರಷ್ಯಾದೊಂದಿಗೆ ರಕ್ಷಣಾ ಒಪ್ಪಂದ ಮಾಡಿಕೊಂಡು, ಉಕ್ರೇನ್ ಯುದ್ಧಕ್ಕೆ ಸೈನಿಕರನ್ನು ಕಳುಹಿಸಿದ. ದಿಗ್ಬಂಧನದ ಮೇಲೆ ಕಣ್ಣಿಟ್ಟಿದ್ದ ವಿಶ್ವಸಂಸ್ಥೆಯ ತಜ್ಞರ ಸಮಿತಿ ಅದೇ ವರ್ಷ ರಷ್ಯಾದ ವೀಟೊದಿಂದ ಕೊನೆಗೊಂಡಿತು.

ಇದುವರೆಗೆ ಸುಮಾರು 34 ಸಾವಿರ ಜನ ದೇಶ ಬಿಟ್ಟು ದಕ್ಷಿಣಕ್ಕೆ ಬಂದು ಸೇರಿದ್ದಾರೆ. ಹೆಚ್ಚಿನವರು ಗಡಿಯ ತುಮೆನ್ ಇಲ್ಲವೇ ಯಾಲು ನದಿ ದಾಟಿ, ಚೀನಾದ ಮೂಲಕ ಬಂದವರು. ಚೀನಾದಲ್ಲಿ ಸಿಕ್ಕಿಬಿದ್ದರೆ ಅಕ್ರಮ ವಲಸಿಗರೆಂದು ಹಿಂದಕ್ಕಟ್ಟಲಾಗುತ್ತದೆ. 2009ರಲ್ಲಿ 2,900ಕ್ಕೂ ಹೆಚ್ಚು ಜನ ಬಂದಿದ್ದರು. ಕೋವಿಡ್ ನೆಪದಲ್ಲಿ ಗಡಿಗೆ ಹೊಸ ಬೇಲಿ, ಹೊಸ ಕಾವಲು ಬಂದ ಮೇಲೆ, 2021ರಲ್ಲಿ ಬಂದವರು 63.