ಗಾಲಿ ತಾನಾಗಿ ಓಡುವುದಿಲ್ಲ

ಮ್ಯಾರಥಾನ್ ಪ್ರಸಾರ ನೋಡಿದವರ ಬಾಯಲ್ಲಿ ಬರುವ ಮಾತೊಂದಿದೆ: ‘ಗಾಲಿಕುರ್ಚಿಯವರಿಗೇನು, ಚಕ್ರವೇ ಓಡಿಸುತ್ತೆ.’ ಮೇಲ್ನೋಟಕ್ಕೆ ಲೆಕ್ಕವೂ ಅದರ ಪರವೇ. 2024ರ ಬಾಸ್ಟನ್ ಮ್ಯಾರಥಾನನ್ನು ಸ್ವಿಟ್ಜರ್‌ಲೆಂಡಿನ ಮಾರ್ಸೆಲ್ ಹಗ್ ಗಾಲಿಕುರ್ಚಿಯಲ್ಲಿ 1 ಗಂಟೆ 15 ನಿಮಿಷ 33 ಸೆಕೆಂಡಿಗೆ ಮುಗಿಸಿದರೆ, ಕಾಲಿನಲ್ಲಿ ಓಡಿ ಗೆದ್ದವರಿಗೆ 2 ಗಂಟೆ 6 ನಿಮಿಷ ಹಿಡಿಯಿತು. ಆದರೆ 100 ಮೀಟರಿಗೆ ಬನ್ನಿ, ಚಿತ್ರ ತಿರುಗುಮುರುಗು. ಫಿನ್ಲೆಂಡಿನ ಲಿಯೊ-ಪೆಕ್ಕಾ ಟಾಹ್ತಿ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಗಾಲಿಕುರ್ಚಿಯಲ್ಲಿ ಮಾಡಿದ ವಿಶ್ವದಾಖಲೆ 13.63 ಸೆಕೆಂಡು, ಉಸೇನ್ ಬೋಲ್ಟ್ ಅವರದು 9.58. ಚಕ್ರವೇ ಓಡಿಸುವುದಾದರೆ ಈ ನಾಲ್ಕು ಸೆಕೆಂಡು ಎಲ್ಲಿ ಹೋಯಿತು?

ಹೋದದ್ದು ನಿಂತ ಕುರ್ಚಿಯನ್ನು ಕದಲಿಸುವುದರಲ್ಲಿ. ರೇಸಿನ ಕುರ್ಚಿಗೆ ಮೂರು ಗಾಲಿ, ಚೈನಿಲ್ಲ, ಗೇರಿಲ್ಲ. ಪೆಡಲನ್ನು ಕೈಯಲ್ಲಿ ತಿರುಗಿಸುವ ಹ್ಯಾಂಡ್‌ಸೈಕಲ್ ಬೇರೆಯೇ ವಾಹನ, ಎಷ್ಟೋ ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಇಲ್ಲಿ ಹಿಂದಿನ ಗಾಲಿಗೆ ಅಂಟಿಕೊಂಡ ಸಣ್ಣ ಬಳೆಯೊಂದೇ ಆಧಾರ. ಅದನ್ನು ಹಿಡಿದು ತಿರುಗಿಸುವುದೂ ಇಲ್ಲ. ದಪ್ಪ ಕೈಗವಸು ತೊಟ್ಟ ಮುಷ್ಟಿ ಬಳೆಯ ಮೇಲ್ಭಾಗಕ್ಕೆ ಬಡಿದು, ಕೆಳಗಿನವರೆಗೂ ಒತ್ತಿ, ಬಿಟ್ಟು, ಮತ್ತೆ ಮೇಲೇರಬೇಕು. ಬಳೆ ಚಿಕ್ಕದಾದಷ್ಟೂ ಮುಂದೆ ಸಿಗುವ ವೇಗ ಹೆಚ್ಚು, ಆದರೆ ಹೊರಡುವಾಗ ತೋಳಿಗೆ ಬೀಳುವ ಭಾರವೂ ಹೆಚ್ಚು. ಏರು ಬಂತೆಂದು ನಡುವೆ ಬದಲಿಸುವಂತಿಲ್ಲ. ಗಾಲಿ ಕೊಡುವ ಲಾಭ ನಿಜ. ಒಮ್ಮೆ ಗಳಿಸಿದ ವೇಗವನ್ನು ಅದು ಉಳಿಸಿಕೊಡುತ್ತದೆ. ಗಳಿಸಬೇಕಾದದ್ದು ಮಾತ್ರ ಭುಜ.

ಈ ತಪ್ಪು ತಿಳಿವಳಿಕೆಯ ಬಿಸಿ ತಟ್ಟಿದ್ದು ಗಾಲಿಕುರ್ಚಿ ಓಟಗಾರ್ತಿ ಟಟಿಯಾನಾ ಮೆಕ್‌ಫ್ಯಾಡನ್ ಅವರಿಗೆ. 1989ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ಬೆನ್ನುಹುರಿಯ ಜನ್ಮಜಾತ ದೋಷದೊಂದಿಗೆ ಹುಟ್ಟಿ, ಗಾಲಿಕುರ್ಚಿಯೇ ಇಲ್ಲದ ಅನಾಥಾಲಯದಲ್ಲಿ ಕೈಗಳ ಮೇಲೆ ಓಡಾಡಿ, ಆರನೇ ವಯಸ್ಸಿನ ಹೊತ್ತಿಗೆ ಅಮೆರಿಕದ ದತ್ತುಮಗಳಾದವರು. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ, 15ನೇ ವಯಸ್ಸಿಗೇ, ಒಂದು ಬೆಳ್ಳಿ, ಒಂದು ಕಂಚು. ಇಷ್ಟಾದರೂ ಮೇರಿಲ್ಯಾಂಡಿನ ಶಾಲಾ ಕೂಟದಲ್ಲಿ ಟ್ರ್ಯಾಕನ್ನು ಒಬ್ಬರೇ ಸುತ್ತಬೇಕಾಯಿತು. ಕುರ್ಚಿಯಿಂದ ಇತರರಿಗೆ ಅಪಾಯ, ಜೊತೆಗೆ ಅದು ಅನ್ಯಾಯದ ಅನುಕೂಲ ಎಂಬುದು ಅಲ್ಲಿನ ಆಡಳಿತದ ವಾದ. ಮೆಕ್‌ಫ್ಯಾಡನ್ ಕೇಳಿದ್ದು ಉಳಿದವರ ಜೊತೆಯಲ್ಲೇ ಟ್ರ್ಯಾಕಿಗಿಳಿಯುವ ಅವಕಾಶ. ಅದಕ್ಕೂ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು. 2008ರಲ್ಲಿ ಮೇರಿಲ್ಯಾಂಡ್ ಇದಕ್ಕೆಂದೇ ಕಾನೂನು ತಂದಿತು.

2013ರಲ್ಲಿ ಲಿಯಾನ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು 100ರಿಂದ 5000 ಮೀಟರಿನವರೆಗೆ ಆರು ಚಿನ್ನ ಗೆದ್ದರು. ಅದೇ ವರ್ಷ ಬಾಸ್ಟನ್, ಲಂಡನ್, ಷಿಕಾಗೊ, ನ್ಯೂಯಾರ್ಕ್ ಮ್ಯಾರಥಾನ್‌ಗಳನ್ನೂ. ಸ್ಪರ್ಧಿಗಳೇ ಕಡಿಮೆ, ಅದಕ್ಕೇ ಒಬ್ಬರೇ ಎಲ್ಲವನ್ನೂ ಬಾಚಿದರು ಎನ್ನುವವರಿದ್ದಾರೆ. ಈ ಆಕ್ಷೇಪಣೆಯನ್ನು ಪೂರ್ತಿ ತಳ್ಳಿಹಾಕಲಾರೆ. ಒಳ್ಳೆಯ ಕುರ್ಚಿ ದುಬಾರಿ, ಕೊಳ್ಳಲಾಗದವರು ಗೆರೆಯ ಹತ್ತಿರವೇ ಬರುವುದಿಲ್ಲ. ನಿಜವಾದ ಅನ್ಯಾಯ ಇದ್ದರೆ ಅದು ಇಲ್ಲಿದೆ. ಆದರೆ ಗೆರೆಗೆ ಬಂದವರ ನಡುವೆ ಗೆಲುವು ಅಗ್ಗವಲ್ಲ. 2016ರ ರಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಇದೇ ಮೆಕ್‌ಫ್ಯಾಡನ್, ಮ್ಯಾರಥಾನಿನಲ್ಲಿ ಚೀನಾದ ಝೌ ಲಿಹಾಂಗ್ ಅವರಿಗೆ ಸೋತರು. 42 ಕಿಲೋಮೀಟರ್ ಮುಗಿದ ಮೇಲೆ ಇಬ್ಬರ ಹೆಸರಿನ ಮುಂದೆಯೂ ಬರೆದ ಸಮಯ ಒಂದೇ: 1:38:44.